ಮಾವನ ಟ್ರಂಕಿನಲ್ಲಿದ್ದ ಬಿಸ್ಕತ್ತಿನ ಡಬ್ಬಿ

ಕಳೆದ ವರ್ಷ ದೀಪಾವಳಿಗೆ ಇನ್ನೊಂದು ವಾರವಿತ್ತು. ಹೊಸಪೇಟೆಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಈ ಸಲ ಬೇಡದ್ದನ್ನೆಲ್ಲ ಹೊರಗೆ ಹಾಕಿಯೇ ಸೈ ಎಂದು ಭಾನುವಾರ ಬೆಳಿಗ್ಗೆ ಸೆರಗು ಸಿಕ್ಕಿಸಿದೆ. ನನ್ನ ಗಂಡ ಸಂತೆಗೆ ಹೋಗಿದ್ದರು. ಎಂಟನೇ ತರಗತಿಯ ಮಗಳು ಜೊತೆಗಿದ್ದಳು.

ಕೆಟ್ಟ ಮಿಕ್ಸಿ, ಕಾಲು ಮುರಿದ ಕುರ್ಚಿ, ತಳ ಸೋರುವ ಕೊಡ ಎಲ್ಲ ಅಂಗಳಕ್ಕೆ ಬಂದವು. ಬೀದಿಯಲ್ಲಿ ಹೋಗುತ್ತಿದ್ದ ಗುಜರಿಯವನನ್ನು ಕರೆದೆ. ಎಡಗೈಗೆ ಟವೆಲ್ ಸುತ್ತಿಕೊಂಡಿದ್ದ ಐವತ್ತರ ಆಸುಪಾಸಿನ ಮನುಷ್ಯ. ಗೇಟಿನ ಬಳಿ ಕೂತು ಹಳೇ ಪೇಪರು ತೂಗತೊಡಗಿದ.

ಕೊನೆಗೆ ಅಡುಗೆಮನೆಯ ಅಟ್ಟದ ಮೇಲಿದ್ದ ಮಾವನವರ ಟ್ರಂಕನ್ನು ಇಳಿಸಿ ಅಂಗಳಕ್ಕೆ ತಂದೆವು. ಅವರು ಸಂಡೂರಿನ ಗಣಿಯೊಂದರಲ್ಲಿ ಮೇಸ್ತ್ರಿಯಾಗಿದ್ದರು. ತೀರಿಕೊಂಡು ಹತ್ತು ವರ್ಷವಾಯಿತು. ಅಲ್ಲಿಂದ ತಂದ ಟ್ರಂಕನ್ನು ನಾವು ಒಮ್ಮೆಯೂ ತೆರೆದಿರಲಿಲ್ಲ. ಕೇಳಿದಾಗಲೆಲ್ಲ ನನ್ನ ಗಂಡ, "ಅಪ್ಪಂದೊಂದು ನೆನಪೈತಿ, ಇರ್ಲಿ ಬಿಡು" ಎನ್ನುತ್ತಿದ್ದರು.

ಖಾಕಿ ಅಂಗಿ, ಹೆಲ್ಮೆಟ್ಟು, ಅವುಗಳ ಕೆಳಗೆ ಬಿಸ್ಕತ್ತಿನ ಒಂದು ತಗಡಿನ ಡಬ್ಬಿ. ಮುಚ್ಚಳ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಸುತ್ತಿಗೆ ತಂದು ನಾಲ್ಕು ಏಟು ಹೊಡೆದೆ. ಮುಚ್ಚಳ ಹಾರಿತು. ಒಳಗೆ ಬಟ್ಟೆಯಲ್ಲಿ ಸುತ್ತಿದ ಬೆರಳುದ್ದದ ತೆಳು ಕೊಳವೆಗಳು, ಎಂಟೋ ಹತ್ತೋ. ಒಂದೊಂದಕ್ಕೂ ಕೆಂಪು, ಹಳದಿ ತಂತಿ.

"ಯವ್ವಾ, ಮಸ್ತ್ ಅದಾವು! ನನ್ನ ಸೈನ್ಸ್ ಮಾಡೆಲ್‌ಗೆ ಬೇಕು. ಸೆಲ್ಲಿಗೆ ಹಚ್ಚಿ ನೋಡ್ತೀನಿ" ಎಂದು ಮಗಳು ಒಂದನ್ನು ಎತ್ತಿಕೊಂಡಳು. ಒಳಗಿರುವುದು ತಾಮ್ರದ ತಂತಿಯೇ ಇರಬೇಕೆಂದು ನಾನು ಇನ್ನೊಂದನ್ನು ಹಿಡಿದು, ತಂತಿ ಕೀಳಲು ಇಕ್ಕಳ ಹಾಕಿದೆ.

"ಅಕ್ಕಾರ! ಎಳೀಬ್ಯಾಡ್ರಿ!"

ಗುಜರಿಯವನ ಕೂಗಿಗೆ ಬೆಚ್ಚಿಬಿದ್ದೆ. ಸಿಟ್ಟೂ ಬಂತು. "ಯಾಕಪಾ, ಹಂಗ್ಯಾಕ ಒದರ್ತಿ?" ಎಂದೆ.

ಅವನು ಎದ್ದು ನಿಂತ. ಎಡಗೈಯ ಟವೆಲ್ ಬಿಚ್ಚಿ ಕೈ ಮೇಲೆತ್ತಿದ. ಹೆಬ್ಬೆರಳು, ಕಿರುಬೆರಳು ಎರಡೇ ಇದ್ದವು.

"ಗಣ್ಯಾಗ ಕಲ್ಲುಬಂಡಿ ಸಿಡಿಸೋ ಮದ್ದಿನ ಕೇಪು ಅವು. ಸಾವಕಾಶ ಕೆಳಗಿಡ್ರಿ. ತಂಗೀ, ನೀನೂ ಇಡವ್ವಾ. ಹೂವು ಇಟ್ಟಂಗ ಇಡು."

ಮಗಳು ಇಟ್ಟಳು. ನನ್ನ ಬೆರಳುಗಳು ಮಾತ್ರ ಇಕ್ಕಳ ಬಿಡಲೊಲ್ಲವು. ಅವನೇ ಹತ್ತಿರ ಬಂದು, ನನ್ನ ಕೈ ಹಿಡಿದು, ಇಕ್ಕಳ, ಕೇಪು ಎರಡನ್ನೂ ಬಿಡಿಸಿ ನೆಲಕ್ಕಿಟ್ಟ. ಆಮೇಲೆ ನಮ್ಮನ್ನು ಬೀದಿಗೆ ಕಳಿಸಿ, ಪಕ್ಕದ ಮನೆಯವರಿಂದ ಪೊಲೀಸರಿಗೆ ಫೋನ್ ಮಾಡಿಸಿದ. ಅವರು ಬರುವತನಕ ಯಾರನ್ನೂ ಒಳಗೆ ಬಿಡದೆ ರಸ್ತೆಯಲ್ಲೇ ಕಾವಲು ನಿಂತಿದ್ದ.

ಮಧ್ಯಾಹ್ನ ಬಳ್ಳಾರಿಯಿಂದ ಬಂದ ತಂಡ ಅವನ್ನು ಮರಳಿನ ಪೆಟ್ಟಿಗೆಯಲ್ಲಿಟ್ಟು ಒಯ್ದಿತು. ಅವರಲ್ಲೊಬ್ಬ ಅಧಿಕಾರಿ, "ಡಬ್ಬಿ ಹೆಂಗ ತೆಗೆದ್ರಿ?" ಎಂದು ಕೇಳಿದರು.

"ಸುತ್ತಿಗೀಲೆ ಹೊಡದೆ ಸರ್."

ಅವರು ಬರೆಯುತ್ತಿದ್ದ ಪೆನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ನಾನು ಅಲ್ಲೇ ಕೂತುಬಿಟ್ಟೆ.

ನನ್ನ ಗಂಡ ಮೂರು ದಿನ ಠಾಣೆಗೆ ಅಲೆದು ಹೇಳಿಕೆ ಕೊಟ್ಟುಬಂದರು. ಅದೆಲ್ಲ ಮುಗಿದರೂ ಅವರ ಸಂಕಟ ಮುಗಿಯಲಿಲ್ಲ. "ನಮ್ಮಪ್ಪ ಕಡ್ಡಿಪೆಟ್ಟಿಗೀನೂ ನಮ್ಮ ಕೈಗೆ ಸಿಗದಂಗ ಇಡ್ತಿದ್ದ. ಅಂಥಾವ ಇದನ್ನ ಯಾಕ ತಂದಿಟ್ಟ?" ಎಂದು ಪದೇಪದೇ ಕೇಳುತ್ತಿದ್ದರು. ನಾನೋ, ಹತ್ತು ವರ್ಷ ಆ ಅಟ್ಟದ ಕೆಳಗೇ ಗ್ಯಾಸ್ ಹಚ್ಚಿ ಅಡುಗೆ ಮಾಡಿದ್ದೆ.

ಮುಂದಿನ ವಾರ ಗುಜರಿಯವನು ಬಿಟ್ಟುಹೋಗಿದ್ದ ಸಾಮಾನಿಗಾಗಿ ಬಂದ. ಚಹಾ ಕೊಟ್ಟೆ. ಏನೆಂದು ಹೇಳಬೇಕೋ ತಿಳಿಯದೆ ಕೈಮುಗಿದೆ.

"ಇರ್ಲಿ ಬಿಡ್ರಿ ಅಕ್ಕಾರ" ಎಂದು ಸಂಕೋಚಪಟ್ಟ. ಚಹಾ ಕುಡಿದು ಲೋಟ ಕೆಳಗಿಟ್ಟು ತಾನೇ ಹೇಳಿದ: "ನಾನೂ ಹಂಗ ತಂತಿ ಕೀಳಾಕ ಹೋಗಿದ್ದೆ. ಹನ್ನೆರಡು ವರ್ಷದಾವ ಇದ್ದೆ. ಅವತ್ತು ನನಗ ಬ್ಯಾಡ ಅನ್ನೋರು ಯಾರೂ ಇರ್ಲಿಲ್ಲ."

ಈಗಲೂ ಮಗಳು ಎದುರು ಕೂತು ರೊಟ್ಟಿ ಮುರಿಯುವಾಗ ನನ್ನ ಕಣ್ಣು ಅವಳ ಬೆರಳುಗಳ ಮೇಲೆಯೇ ನಿಲ್ಲುತ್ತದೆ. "ಏನವ್ವಾ, ಉಣ್ಣು" ಎನ್ನುತ್ತಾಳೆ. ಹತ್ತೂ ಎಣಿಸಿಯೇ ನಾನು ರೊಟ್ಟಿಗೆ ಕೈ ಹಾಕುತ್ತೇನೆ.