ಅವ್ವನ ಅಳತೆಯ ಚೌಕಟ್ಟು

ಚಿಕ್ಕೋಡಿಯಲ್ಲಿ ನಮ್ಮದು ಕಟ್ಟಿಗೆ ಅಡ್ಡೆ. ಅಪ್ಪ ದಿಮ್ಮಿ ಕೊಯ್ದ, ಹಲಗೆ ಮಾರಿದ, ಸುಖವಾಗಿ ಕಣ್ಣು ಮುಚ್ಚಿದ. ನನಗೆ ಅಷ್ಟರಲ್ಲಿ ಸಮಾಧಾನವಿರಲಿಲ್ಲ. ಬಣ್ಣದ ಡಬ್ಬಿಯಲ್ಲಿ ಕಟ್ಟಿಗೆ ಹೊಟ್ಟು ತುಂಬಿ ಉರಿಸುವ ಒಲೆ ಮಾಡಿದೆ. ಹೆಂಡತಿ ಕೆಮ್ಮಿ ಕೆಮ್ಮಿ ಸಾಕಾಗಿ ಅದನ್ನು ಹಿತ್ತಲಿಗೆ ಎಸೆದಳು. ಮೊಳೆಯೇ ಬೇಡದ ದ್ರಾಕ್ಷಿ ಪೆಟ್ಟಿಗೆ ಮಾಡಿ ನಮ್ಮ ಕಡೆಯದೇ ಅನಂತಪುರದ ತೋಟದವರೊಬ್ಬರಿಗೆ ಕೊಟ್ಟೆ. ಗಡಿಯ ಕೊಗನೊಳ್ಳಿಯವರೆಗೆ ಪೆಟ್ಟಿಗೆಗಳು ಗಟ್ಟಿಯಾಗಿದ್ದವು, ಅಲ್ಲಿಂದ ಮುಂದೆ ಹೆದ್ದಾರಿಯ ತುಂಬ ದ್ರಾಕ್ಷಿ. ಸುಮ್ಮನಿರದೆ ಏನಾದರೊಂದು ಮಾಡುತ್ತಲೇ ಇರುವವನೆಂದು ಊರವರು ನನಗೆ ಖಟಪಟಿ ಸಾವುಕಾರ ಎಂದು ಹೆಸರಿಟ್ಟರು. ನಾನೂ ಅವರ ಜೊತೆ ನಕ್ಕೆ. ಈ ವಯಸ್ಸಿನಲ್ಲಿ ನಾನು ನಾಚಿ ತಲೆ ತಗ್ಗಿಸುವುದು ಇಂಥ ಕೆಟ್ಟುಹೋದ ಕೆಲಸಗಳಿಗಲ್ಲ, ಚೆನ್ನಾಗಿ ಆಗಿದ್ದ ಒಂದೇ ಒಂದು ಕೆಲಸಕ್ಕೆ.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಮಳೆಗಾಲ. ನಮ್ಮ ಕಡೆ ಮಣ್ಣಿಗೆ, ಅಂದರೆ ಹೆಣ ಸುಡಲು, ಬೇಕಾದ ಕಟ್ಟಿಗೆಗೆ ಯಾರೂ ಚೌಕಾಸಿ ಮಾಡುವುದಿಲ್ಲ. ಸತ್ತವರ ಮನೆಯವರು ಅಡ್ಡೆಗೆ ಬಂದು ಸುಮ್ಮನೆ ನಿಲ್ಲುತ್ತಾರೆ, ನಾವೇ ಅಂದಾಜಿನ ಮೇಲೆ ಚಕ್ಕಡಿಗೆ ಹೇರುತ್ತೇವೆ. ಆ ಸಲ ನನ್ನ ಅಂದಾಜು ತಪ್ಪಿತು. ಒದ್ದೆ ಜಾಲಿ ಸರಿಯಾಗಿ ಹತ್ತಲಿಲ್ಲ. ಕೂಲಿ ಮಾಡುವ ಆ ಮನೆಯವರು ಓಡಿಹೋಗಿ ತಮ್ಮ ಎಮ್ಮೆ ಕಟ್ಟುವ ಛಪ್ಪರದ ತೊಲೆ ಕಿತ್ತು ತಂದು ಚಿತೆಗೆ ಹಾಕಿದರು. ನಾನು ಅಲ್ಲೇ ನಿಂತಿದ್ದೆ.

ನೆಲದ ಮೇಲೆ ಒಟ್ಟಿದ ಕಟ್ಟಿಗೆ ಬದಿಗೆ ಸರಿದು ಅರ್ಧ ದಂಡಕ್ಕೆ ಉರಿಯುತ್ತದೆ. ಅದಕ್ಕೆ ಹಳೆಯ ಟ್ರೇಲರಿನ ಕಬ್ಬಿಣ ಕಡಿಸಿ ಒಂದು ಚೌಕಟ್ಟು ಮಾಡಿಸಿದೆ. ಎರಡೂ ಬದಿಗೆ ಕಂಬಿ, ಕೆಳಗೆ ಗಾಳಿಯಾಡಲು ಜಾಗ. ಸತ್ತ ಎಮ್ಮೆಗರುವೊಂದನ್ನು ಇಟ್ಟು ಸುಟ್ಟೂ ನೋಡಿದೆ. ಅರ್ಧ ಕಟ್ಟಿಗೆಯಲ್ಲಿ ಎಲ್ಲ ಬೂದಿಯಾಯಿತು. ಕಟ್ಟಿಗೆ ಮಾರುವವನೇ ಕಟ್ಟಿಗೆ ಉಳಿಸಲು ಹೊರಟದ್ದು ಕಂಡು ಹೆಂಡತಿ, "ನಿಮ್ಮ ಕಾಲ ಮ್ಯಾಲ ನೀವ ಕಲ್ಲ ಹಾಕ್ಕೊಳ್ಳಾಕತ್ತೀರಿ" ಎಂದಳು. ಊರವರಿಗೆ ನಾನು ಕರೆಕರೆದು ತೋರಿಸಿದೆ. ಎಲ್ಲರದೂ ಒಂದೇ ಮಾತು: "ಮೊದಲ ನಿಮ್ಮ ಮನ್ಯಾವರನ್ನ ಇಡ್ರಿ ಸಾವಕಾರ, ಆಮ್ಯಾಲ ನೋಡೂಣು."

ಈ ಮಾತು ಅವ್ವನ ಕಿವಿಗೆ ಬಿತ್ತು. ಒಂದು ಮಧ್ಯಾಹ್ನ ಅಡ್ಡೆಗೆ ಬಂದವಳೇ ಸೆರಗು ಸೊಂಟಕ್ಕೆ ಸಿಗಿಸಿ ಚೌಕಟ್ಟು ಹತ್ತಿ ಅಂಗಾತ ಮಲಗಿಬಿಟ್ಟಳು. ಆಳುಗಳು ಹೌಹಾರಿ ಗರಗಸದ ಯಂತ್ರ ನಿಲ್ಲಿಸಿದರು.

"ಏನ್ ಮಾಡಾಕತ್ತೀಯವ್ವಾ, ಏಳ" ಎಂದೆ.

"ಸುಮ್ನಿರಲೇ. ಕಾಲ ಹೊರಗ ಬರ್ತಾವ ನೋಡ. ಒಂದ ಗೇಣ ಉದ್ದ ಮಾಡ." ಮಲಗಿಕೊಂಡೇ ನನ್ನ ಕಡೆ ಮುಖ ಹೊರಳಿಸಿದಳು. "ಮೊದಲ ನನ್ನ ಇಡ ಇದರ ಮ್ಯಾಲ. ಸಾವಕಾರನ ತಾಯಿ ಹೋಗ್ಯಾಳಂದ್ರ ಬಡವರಿಗೆ ನಾಚಿಕಿ ಇರೂದಿಲ್ಲ. ಹೂಂ ಅನ್ನ."

ಆಳುಗಳೆಲ್ಲ ಕೇಳುವಂತೆ ಹೂಂ ಎಂದೆ. ಗೇಣುದ್ದ ಬೆಸುಗೆ ಹಾಕಿಸಿ ಚೌಕಟ್ಟನ್ನು ಸುಡುಗಾಡಿನ ತಗಡಿನ ಛಾವಣಿಯ ಕೆಳಗೆ ಇಡಿಸಿದೆ. ಯಾರೂ ಮುಟ್ಟಲಿಲ್ಲ, ಮೊದಲು ನಮ್ಮ ಮನೆಯವರದಾಗಲಿ ಎಂದು ಊರು ಕಾದಿತ್ತೋ ಏನೋ.

ತೊಂಬತ್ತರ ದಶಕ ಶುರುವಾಗಿತ್ತು. ಶ್ರಾವಣದಲ್ಲಿ ಅವ್ವ ಹೋದಳು. ನಿಪ್ಪಾಣಿ, ರಾಯಬಾಗದ ನೆಂಟರು ಬಂದರು. ಕಾಗವಾಡದಿಂದ ಅವ್ವನ ತಮ್ಮ, ನನ್ನ ಸೋದರಮಾವ, ತವರಿನ ಸೀರೆ ಹಿಡಿದು ಬಂದ. ತವರಿನವರು ಸೀರೆ ಹೊದಿಸದೆ ಹೆಣ ಏಳುವುದಿಲ್ಲ, ಆ ಹೊತ್ತಿಗೆ ಅವರದೇ ಮಾತು. ಅಡ್ಡೆಯ ಅಂಗಳದಲ್ಲಿ ಅರ್ಧ ತುಂಬಿದ ಚಕ್ಕಡಿ ನೋಡಿ ಮಾವ ಅಲ್ಲೇ ನಿಂತ.

"ಇಷ್ಟನ?" ಎಂದ.

"ಇಷ್ಟ ಸಾಕ ಮಾಮಾ, ಚೌಕಟ್ಟ ಐತಿ."

"ಕಟಗಿ ಅಡ್ಡಾ ಇಟ್ಟಾವನ ತಾಯಿಗೆ ಕಟಗೀ ಬರಗಾಲ ಬಂತೇನ? ಲೋಕ ಕಾಯ್ ಮ್ಹಣತೀಲ ರೇ, ಮಂದಿ ಏನ ಅಂದಾರು?"

ಹಿಂದೆ ಯಾರೋ ಕಿಸಕ್ಕೆಂದರು. ಅವ್ವನೇ ಹೇಳಿದ್ದಾಳೆ ಎಂಬ ಒಂದು ಮಾತು ಸಾಕಿತ್ತು. ಮಾವ ಕೆಟ್ಟವನಲ್ಲ, ಅಕ್ಕನ ಆಸೆ ಎಂದರೆ ಒಪ್ಪುತ್ತಿದ್ದ. ಅಂದು ಅವಳ ಮಾತು ಕೇಳಿದ್ದ ಆಳುಗಳು ಚಕ್ಕಡಿಯ ಪಕ್ಕದಲ್ಲೇ ಇದ್ದರು, ನಾನು ಹೇಳುತ್ತೇನೆಂದು ನನ್ನ ಮುಖವನ್ನೇ ನೋಡುತ್ತಿದ್ದರು. ಜಿಪುಣ ಮಗ ಅನ್ನಿಸಿಕೊಳ್ಳುವ ಹೆದರಿಕೆ ನನ್ನನ್ನು ತಿಂದುಹಾಕಿತು. ತಪ್ಪು ಅವರದೇ ಎಂಬಂತೆ ಆಳುಗಳ ಮೇಲೆ ರೇಗಿದೆ. "ಏನ ನೋಡಾಕತ್ತೀರಿ? ಸಾಗವಾನಿ ಹೇರ್ರಿ."

ಯಾರದೋ ಹೊಸ ಮನೆಗೆಂದು ಒಣಗಿಸಿ ಇಟ್ಟಿದ್ದ ಸಾಗವಾನಿ ತೊಲೆಗಳು. ಚಕ್ಕಡಿಯ ಹಿಂದೆ ಚಕ್ಕಡಿ ಹೋಯಿತು. ಚಿತೆ ನನ್ನ ಎದೆಯ ಮಟ್ಟ ಬಂತು. ಅತ್ತ ಛಾವಣಿಯ ಕೆಳಗೆ ಚೌಕಟ್ಟಿನ ಕಂಬಿಗೆ ಜನ ತಮ್ಮ ಒದ್ದೆ ಕೊಡೆಗಳನ್ನು ತೂಗುಹಾಕಿದ್ದರು. "ಮಗ ಅಂದ್ರ ಹಿಂಗಿರಬೇಕ ನೋಡ" ಎಂದು ಬೆನ್ನ ಹಿಂದೆ ಒಬ್ಬರು ಇನ್ನೊಬ್ಬರಿಗೆ ಹೇಳಿದರು. ಹೇಳಲು ನಾಚಿಕೆಯಾಗುತ್ತದೆ, ಅವ್ವ ಉರಿಯುತ್ತಿರುವಾಗ ಆ ಮಾತು ಕೇಳಿ ನನಗೆ ಒಳಗೊಳಗೇ ಹಿತವೆನಿಸಿತು.

ಹಿತ ಬಹಳ ದಿನ ಉಳಿಯಲಿಲ್ಲ. ಖಟಪಟಿ ಸಾವುಕಾರ ತಾಯಿಯನ್ನು ಸಾಗವಾನಿಯಲ್ಲಿ ಸುಟ್ಟ ಎಂಬ ಸುದ್ದಿ ಸುತ್ತಿನ ಹಳ್ಳಿಗಳಿಗೆಲ್ಲ ಹಬ್ಬಿತು. ಅಡ್ಡೆಗೆ ಬಂದು ಸುಮ್ಮನೆ ನಿಲ್ಲುತ್ತಿದ್ದ ಜನ ಈಗ ಬಾಯಿಬಿಟ್ಟು ಇನ್ನಷ್ಟು ಹೇರಿರಿ ಎನ್ನತೊಡಗಿದರು. ನನ್ನ ಅಂದಾಜು ಅವರಿಗೆ ಸಾಲದಾಯಿತು. ಇರುವವರು ಮೆರೆಯುವುದಕ್ಕೆ ಒಯ್ದರು, ಇಲ್ಲದವರು ಮಾನಕ್ಕೆ ಅಂಜಿ ಒಯ್ದರು. ವ್ಯಾಪಾರ ಏರಿತು. ಚೌಕಟ್ಟಿನ ಮಾತು ತೆಗೆದರೆ ಜನ ನನ್ನ ಮುಖ ನೋಡುತ್ತಿದ್ದರು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಯಾರೂ ಬಾಯಿಬಿಟ್ಟು ಆಡಲಿಲ್ಲ, ಅದು ಅವರ ದೊಡ್ಡತನ.

ಮುಂದಿನ ವರ್ಷ ಕಬ್ಬು ಕಡಿಯಲು ಹೋಗುವ ಹೆಣ್ಣುಮಗಳೊಬ್ಬಳು ಬಂದಳು. ತಾಯಿ ಸತ್ತಿದ್ದಳು, ಗಂಡಸರು ಯಾರೂ ಇರಲಿಲ್ಲ. ನಾನೇ ಮುಂದೆ ನಿಂತು ಒಣ ಜಾಲಿ ಹೇರಿಸಿದೆ. "ಇಷ್ಟ ಒಯ್ಯವಾ, ಅಲ್ಲಿ ಚೌಕಟ್ಟ ಐತಿ, ಇದರಾಗ ಆಗತೈತಿ. ನೀ ಏನೂ ಕೊಡಬ್ಯಾಡ" ಎಂದೆ.

ಆಕೆ ಚಕ್ಕಡಿಯ ನೊಗ ಹಿಡಿದುಕೊಂಡಳು. "ಹಂಗ ಅನಬ್ಯಾಡ್ರಿ ಸಾವಕಾರ. ನಿಮ್ಮ ಅವ್ವಗ ಹಾಕಿದಷ್ಟ ನಮ್ಮ ಅವ್ವಗೂ ಹಾಕ್ರಿ, ದುಡದ ಮುಟ್ಟಸ್ತೀನಿ. ಬಡವಿ ಆದ್ರೂ ಆಕೀನೂ ತಾಯಿನ ಅಲ್ರಿ?"

ಆಗಲಾದರೂ ಹೇಳಬಹುದಿತ್ತು, ನನ್ನ ಅವ್ವ ಇದೇ ಅಂಗಳದಲ್ಲಿ ಏನು ಕೇಳಿಕೊಂಡಿದ್ದಳು, ನಾನು ಏನು ಮಾಡಿದೆ ಎಂದು. ಆಳುಗಳು ನೆಲ ನೋಡುತ್ತಿದ್ದರು.

"ಹೇರ್ರಿ" ಎಂದೆ.

ಆಕೆ ನನಗೆ ಕೈ ಮುಗಿದಳು.