ಬಿದ್ದಳು ಅನ್ನು ಎಂದರು ವಕೀಲರು

ನನ್ನ ಹೆಂಡತಿಗೆ ನಾನು ಹೊಡೆದಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಸುತ್ತಿ ಬಳಸಿ ಹೇಳುವ ವಿದ್ಯೆ ಕಲಿಯಲು ಹೋಗಿ ಒಮ್ಮೆ ಫಜೀತಿ ಪಟ್ಟವನು ನಾನು. ಎಪ್ಪತ್ತರ ದಶಕದ ಕೊನೆ. ಹೊಸದುರ್ಗದಲ್ಲಿ ನನ್ನದೊಂದು ಬಾಡಿಗೆ ಸೈಕಲ್ ಅಂಗಡಿ ಇತ್ತು. ನನ್ನನ್ನು ಕೇಳದೆ ಅವಳು ತನ್ನ ಅಣ್ಣನಿಗೆ ಒಂದು ಸೈಕಲ್ ಕೊಟ್ಟಿದ್ದಳು. ಅಷ್ಟೇ ಕಾರಣ. ಕೈಯಲ್ಲಿದ್ದ ಗಾಳಿ ಪಂಪಿನಿಂದ ಬೀಸಿದೆ. ಹುಬ್ಬಿನ ಮೇಲೆ ಒಡೆದು ನಾಲ್ಕು ಹೊಲಿಗೆ ಬಿದ್ದವು. ಇವನಿಗೆ ಮೂಗಿನ ತುದೀಲೇ ಸಿಟ್ಟು ಎಂದು ಜನ ನನ್ನನ್ನು ಹಾಸ್ಯ ಮಾಡುತ್ತಿದ್ದರು. ಆವತ್ತು ಯಾರೂ ನಗಲಿಲ್ಲ.

ಅವಳ ಅಣ್ಣ ಆಸ್ಪತ್ರೆಯಿಂದ ನೇರ ಠಾಣೆಗೆ ಹೋಗಿ ದೂರು ಕೊಟ್ಟು, ತಂಗಿಯನ್ನು ಜವನಗೊಂಡನಹಳ್ಳಿ ಕಡೆಯ ತವರಿಗೆ ಕರೆದೊಯ್ದ. ನನ್ನ ಮೇಲೆ ಕೇಸಾಯಿತು. ಜಾಮೀನಿನ ಮೇಲೆ ಹೊರಬಂದು ಖಾಲಿ ಮನೆಯಲ್ಲಿ ಒಬ್ಬನೇ ಮುದ್ದೆ ಕಟ್ಟುವಾಗ ಜೈಲಿಗಿಂತ ಹೆಚ್ಚು ಹೆದರಿಸಿದ್ದು ಒಂದೇ ಯೋಚನೆ: ಅವಳು ಇನ್ನು ಬರುವುದಿಲ್ಲ.

ಹೊಳಲ್ಕೆರೆ ಮೇಲೆ ಹೋಗುವ ಬಸ್ಸು ಹಿಡಿದು ಚಿತ್ರದುರ್ಗದಲ್ಲಿ ಒಬ್ಬ ಹೆಸರಾದ ವಕೀಲರನ್ನು ಕಂಡೆ. ಎಲ್ಲ ಕೇಳಿ ಅವರು ಕನ್ನಡಕ ಒರೆಸಿಕೊಂಡರು.

"ನೋಡಪ್ಪ, ಕಣ್ಣಾರೆ ಕಂಡೋರು ಯಾರೂ ಇಲ್ಲ. ಕಾಲು ಜಾರಿ ನೀರಿನ ಕಲ್ಲುಬಾನಿ ಮೇಲೆ ಬಿದ್ಲು ಅನ್ನು. ಉಳಿದಿದ್ದು ನಂಗೆ ಬಿಡು."

"ಅವಳೇ ಬಂದು ನಿಜ ಹೇಳಿದ್ರೆ?"

"ಅಣ್ಣ ಹೇಳಿಕೊಟ್ಟಿದಾನೆ ಅಂತೀನಿ. ಎಲ್ಲಿ, ಒಂದ್ಸಲ ಹೇಳು ನೋಡಾಣ."

ಮಗ್ಗಿ ಒಪ್ಪಿಸಿದ ಹಾಗೆ ಮೂರು ಸಲ ಹೇಳಿದೆ. ವಾಪಸು ಬರುವಾಗ ಬಸ್ಸಿನಲ್ಲೂ ಹೇಳಿಕೊಂಡೆ. ನನಗೇ ನಂಬಿಕೆ ಬರುವಷ್ಟು ಚೆನ್ನಾಗಿ ಬಂದಿತ್ತು.

ವಾಯಿದೆಯ ದಿನ ಹೊಸದುರ್ಗದ ಕೋರ್ಟಿಗೆ ಹೋದರೆ ಜಗಲಿಯ ಮೇಲೆ ಮಾವ ಕುಳಿತಿದ್ದರು, ಪಕ್ಕದಲ್ಲಿ ಅವಳು. ನಮ್ಮದು ಕುರಿ ಕಾಯುವ ಜನ. ಹಟ್ಟಿಯಲ್ಲಿ ನ್ಯಾಯ ಸೇರಿದರೆ ಹಿರಿಯರು ಮೊದಲು ಕರಿ ಕಂಬಳಿ ಹಾಸುತ್ತಾರೆ. ಅದರ ಮುಂದೆ ಸುಳ್ಳು ಹೇಳಿದವನ ಮನೆಯಲ್ಲಿ ಆಮೇಲೆ ಯಾರೂ ನೀರು ಮುಟ್ಟುವುದಿಲ್ಲ. ಮಾವ ಕೋರ್ಟಿನ ಜಗಲಿಯ ಮೇಲೂ ಒಂದು ಸುಕ್ಕಿಲ್ಲದ ಹಾಗೆ ಕಂಬಳಿ ಹಾಸಿ, ತಾವು ಮಾತ್ರ ಬರಿ ಕಲ್ಲಿನ ಮೇಲೆ ಕುಳಿತಿದ್ದರು.

"ಏನ್ ಯಜಮಾನ್ರೇ, ಇದು ನಿಮ್ಮ ಹಟ್ಟಿ ಅಲ್ಲ. ತೆಗೀರಿ," ಎಂದು ಕೋರ್ಟಿನ ಜವಾನ ಗದರಿದ.

"ಇವತ್ತು ನ್ಯಾಯ ಐತಲ್ಲಪ್ಪ," ಎಂದರು ಮಾವ.

ಅವರು ನನ್ನ ಕಡೆ ನೋಡಲೂ ಇಲ್ಲ. ಕಂಬಳಿಯ ಅಂಚು ಮೆಟ್ಟದ ಹಾಗೆ ಬಳಸಿಕೊಂಡು ಒಳಗೆ ಹೋದೆ.

ಒಳಗೆ ಮ್ಯಾಜಿಸ್ಟ್ರೇಟರು ಆರೋಪ ಓದಿ, ಒಪ್ಪುತ್ತೀಯಾ ಎಂದು ಕೇಳಿದರು. ನಾನು ಹೆಗಲ ಮೇಲಿನ ಟವೆಲ್ಲು ತೆಗೆದು ನೆಲಕ್ಕಿಟ್ಟೆ. ತಪ್ಪು ಒಪ್ಪುವವರು ನಮ್ಮಲ್ಲಿ ಹಾಗೆಯೇ ಮಾಡುವುದು.

"ಹೊಡ್ದೆ ಸ್ವಾಮಿ. ಪಂಪ್ ತಗಂಡು ಹೊಡ್ದೆ. ಅವಳ್ದೇನೂ ತಪ್ಪಿಲ್ಲ."

ವಕೀಲರು ಫೈಲನ್ನು ಟಪ್ಪೆಂದು ಮುಚ್ಚಿದರು. ಯಾರಾದರೂ ಹೆದರಿಸಿ ಹೇಳಿಸುತ್ತಿದ್ದಾರಾ ಎಂದು ಮ್ಯಾಜಿಸ್ಟ್ರೇಟರು ಎರಡು ಸಲ ಕೇಳಿದರು. ಇಲ್ಲ ಎಂದೆ. ಆಮೇಲೆ ಅವಳನ್ನು ಕೇಳಿದರು.

"ಜೈಲಿಗೆ ಹಾಕ್ಬ್ಯಾಡ್ರಿ ಸ್ವಾಮಿ," ಎಂದಳು. "ಆದ್ರೆ ನಾನು ಅವರ ಮನೆಗೆ ಹೋಗಲ್ಲ. ಈಗಂತೂ ಹೋಗಲ್ಲ."

ಒಂದು ವರ್ಷ ಸರಿಯಾಗಿ ನಡೆದುಕೊಳ್ಳುತ್ತೇನೆಂದು ಮುಚ್ಚಳಿಕೆ ಬರೆಸಿಕೊಂಡು ನನ್ನನ್ನು ಬಿಟ್ಟರು. "ನಿನ್ನಂಥೋನಿಗೆ ವಕೀಲ ಯಾಕಪ್ಪ ಬೇಕಿತ್ತು?" ಎಂದು ಬೈದುಕೊಳ್ಳುತ್ತ ವಕೀಲರು ಬಸ್ಸು ಹತ್ತಿದರು. ನಾನೋ, ಎಷ್ಟೋ ದಿನದ ಮೇಲೆ ಹೊಟ್ಟೆ ಹಸಿದು ಹೋಟೆಲಿನಲ್ಲಿ ಎರಡು ಪ್ಲೇಟು ಇಡ್ಲಿ ತಿಂದೆ. 'ಈಗಂತೂ' ಎಂದಿದ್ದಳಲ್ಲ, ಆ ಮಾತನ್ನೇ ಮೆಲುಕು ಹಾಕುತ್ತಿದ್ದೆ.

ಆಮೇಲೆ ಪ್ರತಿ ತಿಂಗಳೂ ಹಿರಿಯೂರಿನ ಬಸ್ಸು ಹಿಡಿದು ಅವಳ ಊರಿಗೆ ಹೋಗುತ್ತಿದ್ದೆ. ಮಾವ ಕುಂತ್ಕಳ್ರಿ ಎನ್ನುತ್ತಿದ್ದರು. ಅವಳ ಅಣ್ಣ ಎದ್ದು ಹೊರಗೆ ಹೋಗುತ್ತಿದ್ದ. ಅವಳು ಮಜ್ಜಿಗೆ ತಂದಿಟ್ಟು ಒಳಗೆ ನಡೆಯುತ್ತಿದ್ದಳು. ಐದನೆಯ ಸಲ ಹೋದಾಗ ಮಜ್ಜಿಗೆ ಇಟ್ಟವಳು ಅಲ್ಲೇ ನಿಂತಳು.

"ನೀವು ಒಪ್ಕಂಡ್ರಿ ಅಂತ ಬರ್ತಿದೀನಿ. ಮರ್ತಿದೀನಿ ಅಂತ ಅಲ್ಲ."

ನಾನು ಮಜ್ಜಿಗೆಯ ಲೋಟ ಕೆಳಗಿಟ್ಟೆ.

"ಇನ್ನೊಂದ್ಸಲ ಕೈ ಎತ್ತಿದ್ರೆ ಅಣ್ಣ ಹೋಗಲ್ಲ ಠಾಣೆಗೆ. ನಾನೇ ಹೋಗ್ತೀನಿ."

"ಹೋಗು," ಎಂದೆ.

ಬಟ್ಟೆಯ ಗಂಟು ಬಾಗಿಲ ಹಿಂದೆ ಆಗಲೇ ಕಟ್ಟಿಟ್ಟಿತ್ತು. ಅವಳು ಅದನ್ನು ಎತ್ತಿಕೊಂಡು ಬಂದಾಗ ತೆಗೆದುಕೊಳ್ಳಲು ನಾನು ಕೈ ಚಾಚಿದೆ. ಅವಳು ಒಂದು ಹೆಜ್ಜೆ ಹಿಂದೆ ಸರಿದು, ಆಮೇಲೆ ಕೊಟ್ಟಳು.