ಕುದಿಸಿದ ಕೋಲ್ಡ್ ಕಾಫಿ

ನಾನು ಮಾಡಿಟ್ಟಿದ್ದ ಕೋಲ್ಡ್ ಕಾಫಿ ಗ್ಯಾಸ್ ಒಲೆಯ ಮೇಲೆ ಕೊತಕೊತ ಕುದಿಯುತ್ತಿತ್ತು. ಪಕ್ಕದಲ್ಲೇ ಸೌಟು ಹಿಡಿದು ಅತ್ತೆ ನಿಂತಿದ್ದರು. ಡಿಕಾಕ್ಷನ್, ಹಾಲು, ಮೂರು ಚಮಚ ಸಕ್ಕರೆ, ಹೊಸ ಫ್ರಿಜ್ಜಿನ ಒಂದು ಟ್ರೇ ಐಸು, ಎಲ್ಲವನ್ನೂ ಮುಚ್ಚಳದ ಡಬ್ಬಿಗೆ ಹಾಕಿ ತೋಳು ನೋಯುವಷ್ಟು ಕುಲುಕಿದ್ದೆ. ತೊಂಬತ್ತರ ದಶಕದ ಪೀಣ್ಯದ ಬೇಸಿಗೆ. ನನಗೆ ಮದುವೆಯಾಗಿ ತಿಂಗಳಾಗಿತ್ತು. ಫೌಂಡ್ರಿಯ ಕಾವಿನಲ್ಲಿ ಬೆಂದು ಬರುವ ಮಾವನವರಿಂದ ಭೇಷ್ ಎನಿಸಿಕೊಳ್ಳುವ ಆಸೆ.

“ಬೆವತು ಬಂದೋರಿಗೆ ಐಸು ಕೊಟ್ರೆ ಗಂಟಲು ಕಟ್ಟುತ್ತೆ ಕಣಮ್ಮ, ಅದಕ್ಕೇ ಬಿಸಿ ಮಾಡ್ದೆ,” ಎಂದರು ಅತ್ತೆ. ನನಗೆ ಅಳುವೇ ಬಂತು.

ಷಿಫ್ಟ್ ಮುಗಿಸಿ ಬಂದ ಮಾವ ನನ್ನ ಮುಖ ನೋಡಿದರು, ಹಬೆಯಾಡುವ ಲೋಟ ನೋಡಿದರು. ಊದಿ ಊದಿ ಅಷ್ಟನ್ನೂ ಕುಡಿದು, ಹಣೆಯ ಬೆವರು ಒರೆಸಿಕೊಂಡು, “ಆಹಾ, ಎಷ್ಟು ತಂಪಾಯ್ತು ಕಣಮ್ಮ!” ಎಂದರು. ಅತ್ತೆಗೆ ಎಲ್ಲಿಲ್ಲದ ಹಿಗ್ಗು. “ನಾಳೇನೂ ಮಾಡು, ನಾನು ಕಾಯಿಸ್ಕೊಡ್ತೀನಿ,” ಎಂದುಬಿಟ್ಟರು.

ಆ ಬೇಸಿಗೆಯಿಡೀ ನಾನು ಐಸು ಹಾಕಿದೆ, ಅತ್ತೆ ಕಾಯಿಸಿದರು, ಮಾವ ಹೊಗಳುತ್ತಲೇ ಕುಡಿದರು. ಅವರಿಬ್ಬರೂ ಇಲ್ಲದ ಮನೆಯಲ್ಲಿ ಈಗ ಕೋಲ್ಡ್ ಕಾಫಿಯನ್ನು ಯಾರೂ ಕಾಯಿಸುವುದಿಲ್ಲ. ಆದರೂ ಲೋಟ ತುಟಿಗಿಡುವ ಮುಂಚೆ ನಾನು ಒಮ್ಮೆ ಊದುತ್ತೇನೆ.